ವಸ್ತಿ ಬಸ್ಸಿನವರ ಊಟ

ನಮ್ಮೂರಿಗೆ ವಸ್ತಿ ಬಸ್ಸು ಬರುವುದು ನಿಂತಿದೆ. ಅದಕ್ಕೆ ಕಾರಣ ನಾನೋ ಅಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿದ್ದಷ್ಟನ್ನು ಬರೆಯುತ್ತೇನೆ.

ವಸ್ತಿ ಬಸ್ಸೆಂದರೆ ರಾತ್ರಿ ಊರಲ್ಲೇ ತಂಗುವ ಬಸ್ಸು. ಸಂಜೆ ಏಳೂವರೆಗೆ ಹುಬ್ಬಳ್ಳಿಯಿಂದ ಕುಂದಗೋಳದ ಮೇಲೆ ಬಂದು ಹನುಮಪ್ಪನ ಗುಡಿ ಮುಂದೆ ನಿಲ್ಲುತ್ತಿತ್ತು. ಡ್ರೈವರ್, ಕಂಡಕ್ಟರ್ ಇಬ್ಬರೂ ಗುಡಿಯ ಪಡಸಾಲೆಯಲ್ಲಿ ಮಲಗುತ್ತಿದ್ದರು. ಬೆಳಿಗ್ಗೆ ಆರಕ್ಕೆ ಬಸ್ಸು ತಿರುಗಿ ಹುಬ್ಬಳ್ಳಿಗೆ ಹೊರಡುತ್ತಿತ್ತು. ಅದರಲ್ಲಿ ನನ್ನ ಸೊಸೆ ಹೋಗುತ್ತಿದ್ದಳು.

ಸೊಸೆ ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದಳು. ಎಂಟಕ್ಕೆ ಹಾಜರಿ. ಎರಡನೇ ಬಸ್ಸು ನಮ್ಮೂರು ಬಿಡುವುದೇ ಎಂಟಕ್ಕೆ. ಟಂಟಂ ಗಾಡಿಗಳು ಅಷ್ಟು ಮುಂಜಾನೆ ಏಳುವುದಿಲ್ಲ. ಮಗ ಕುರಿಗಳ ಹಿಂದೆ ವರ್ಷದಲ್ಲಿ ಎಂಟು ತಿಂಗಳು ಹೊರಗಿರುತ್ತಾನೆ, ಮನೆಯಲ್ಲಿ ನಾನು, ಸೊಸೆ, ಸಣ್ಣ ಮೊಮ್ಮಗಳು, ಗಾಡಿ ಹೊಡೆಯುವವರು ಯಾರೂ ಇಲ್ಲ. ವಸ್ತಿ ಬಸ್ಸು ಇದ್ದರೆ ಅವಳಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಮಾತು.

ಅವಳು ನಮ್ಮ ಮನೆಗೆ ಬಂದ ಮೊದಲ ಮೂರು ವರ್ಷ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ದವಾಖಾನೆ ಸೇರಿದ ಮೇಲೆ ಮಾತು ಬಂತು. ಯಾವ ವಾರ್ಡಿನಲ್ಲಿ ಯಾವ ಮುದುಕ ಗುಳಿಗೆಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾನೆ, ಯಾವ ಡಾಕ್ಟರು ಚಹಾ ಸಿಗದಿದ್ದರೆ ಸಿಟ್ಟಾಗುತ್ತಾನೆ ಎಂದೆಲ್ಲ ಹೇಳುತ್ತಿದ್ದಳು. ಮೊದಲು ಚಾದರ ಒಗೆಯಲು ಹಾಕಿದ್ದರು. ಆಮೇಲೆ ಜ್ವರ ನೋಡುವುದು, ಬಿ.ಪಿ. ನೋಡುವುದು ಕಲಿಸಿದರು. ಬರುವ ಯುಗಾದಿ ಆದ ಮೇಲೆ ನರ್ಸಮ್ಮನ ಕೈಕೆಳಗೆ ವಾರ್ಡಿಗೇ ಹಾಕುತ್ತೇವೆ ಎಂದಿದ್ದರು. ಅದನ್ನು ಅವಳು ನನಗೆ ಎರಡು ಸಲ ಹೇಳಿದಳು. ಎರಡು ಸಲವೂ ನಾನು ಹೂಂ ಅಂದೆ.

ವಸ್ತಿ ಬಸ್ಸಿನವರಿಗೆ ಊಟ ಹಾಕುವುದು ಊರಿನ ಪದ್ಧತಿ. ಪಾಳಿಯ ಮೇಲೆ ಮನೆಗಳು. ನಮ್ಮದು ಮಂಗಳವಾರ. ಯಾರು ಯಾವಾಗ ಹಚ್ಚಿಕೊಟ್ಟ ಪಾಳಿಯೋ, ನಾನು ಈ ಊರಿಗೆ ಸೊಸೆಯಾಗಿ ಬಂದಾಗಲೇ ಇತ್ತು. ಹಳೆಯ ಡ್ರೈವರ್ ಒಬ್ಬನಿದ್ದ, ಹನ್ನೆರಡು ವರ್ಷ ಬಂದ. ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದ. ಊಟಕ್ಕಿಂತ ಮಾತು ಜಾಸ್ತಿ.

"ಆಯಿ, ಈ ರೊಟ್ಟಿ ಬಸ್ಸಿನ ಗಾಲಿಗೆ ಹಾಕಿದ್ರ ಪಂಚರ್ ಆಗಂಗಿಲ್ಲ ನೋಡ್ರಿ."

"ಹಂಗಾರ ನಾಳಿಂದ ಗಾಲೀನ ಮುರಕೊಂಡು ತಿನ್ನು. ನನಗೂ ಬಡಿಯೂ ಕೆಲಸ ಉಳೀತೈತಿ."

"ಸಿಟ್ಟಾಗಬ್ಯಾಡ್ರಿ, ಇನ್ನೊಂದು ಹಾಕ್ರಿ."

ಹೀಗೆ. ಸೊಸೆ ಬೆಳಿಗ್ಗೆ ತಡವಾದರೆ ಅವನು ಎರಡು ಸಲ ಹಾರ್ನು ಹೊಡೆದು ಕಾಯುತ್ತಿದ್ದ.

ಅವನು ನಿವೃತ್ತನಾದ. ಅದೇ ಸುಮಾರಿಗೆ ಬಸ್ಸೂ ಬದಲಾಯಿತು. ಹಳೆಯದು ಕೆಂಪು ಬಸ್ಸು, ಬಾಗಿಲು ಹಗ್ಗದಿಂದ ಕಟ್ಟಿದ್ದು, ದೂರದಿಂದಲೇ ಸದ್ದಿನ ಮೇಲೆ ಗುರುತು ಸಿಗುತ್ತಿತ್ತು. ಹೊಸದರ ಬಾಗಿಲು ಬುಸ್ ಎಂದು ತಾನೇ ಮುಚ್ಚಿಕೊಳ್ಳುತ್ತದೆ. ನೆತ್ತಿಯ ಮೇಲೆ ಊರಿನ ಹೆಸರು ದೀಪದಲ್ಲಿ ಓಡುತ್ತದೆ. ಮೂರನೇ ಇಯತ್ತೆ ಓದಿದ ನಾನು ಮೊದಲ ಅಕ್ಷರ ಓದುವಷ್ಟರಲ್ಲಿ ಕೊನೆಯದು ಹೋಗಿರುತ್ತದೆ. ಡ್ರೈವರು ಕೂಡ ಹೊಸಬ. ಕಾಯಂ ಅಲ್ಲ, ಗುತ್ತಿಗೆ ಮೇಲೆ ಬಂದವನು ಎಂದರು. ಕಂಡಕ್ಟರ್ ಮಾತ್ರ ಹಳಬ, ನಮ್ಮ ಕಡೆಯವನೇ.

ಹೊಸ ಡ್ರೈವರ್ ಬಂದ ಮೊದಲ ಮಂಗಳವಾರ ಇಬ್ಬರೂ ನಮ್ಮ ಬಾಗಿಲಿಗೆ ಬಂದರು. ಅವನಿಗೆ ಮೂವತ್ತು ವರ್ಷ ಇರಬೇಕು. ಬೇರೆ ಜಿಲ್ಲೆಯವನು. ಚಪ್ಪಲಿ ಬಿಟ್ಟು ಹೊಸ್ತಿಲ ಹತ್ತಿರ ನಿಂತ. ನಾನು ಕೇಳಿದೆ.

"ತಮ್ಮಾ, ನೀವು ಯಾವ ಮಂದಿ?"

ಇದು ನಮ್ಮಲ್ಲಿ ಕೇಳುವ ಮಾತೇ. ಹೆಸರಿಗಿಂತ ಮೊದಲು ಕೇಳುತ್ತೇವೆ. ಹಳೆಯ ಡ್ರೈವರನ್ನೂ ಕೇಳಿದ್ದೆ. ಅವನ ಉತ್ತರ ನಮಗೆ ನಡೆಯುವ ಉತ್ತರವಾಗಿತ್ತು, ಒಳಗೆ ಬಂದ. ಇವನು ಕಂಡಕ್ಟರನ ಮುಖ ನೋಡಿದ. ಕಂಡಕ್ಟರ್ ಗೋಡೆಯ ಕ್ಯಾಲೆಂಡರ್ ನೋಡಿದ. ಆಮೇಲೆ ಇವನು ಮುಚ್ಚುಮರೆ ಇಲ್ಲದೆ ಹೇಳಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ನಾನು ಬೈಯಲಿಲ್ಲ. ಹೋಗೆನ್ನಲಿಲ್ಲ. "ಹೊರಗ ಕಟ್ಟಿ ಮ್ಯಾಲ ಗಾಳಿ ಛಲೋ ಐತಿ, ಅಲ್ಲೇ ಕುಂಡ್ರು" ಅಂದೆ. ಕಂಡಕ್ಟರನಿಗೆ ಒಳಗೆ ಸ್ಟೀಲಿನ ತಾಟು ಇಟ್ಟೆ. ಇವನಿಗೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ತಂದು ಉಳಿದಿದ್ದ ಕಾಗದದ ತಾಟು ತೆಗೆದೆ. ಅದರ ಮೇಲೆ ಬಣ್ಣದ ಬಲೂನುಗಳು ಅಚ್ಚಾಗಿದ್ದವು. ರೊಟ್ಟಿಯನ್ನು ಮೇಲಿನಿಂದಲೇ ಹಾಕಿದೆ. ಪಲ್ಯವನ್ನೂ ಹಾಗೆಯೇ. ಬದನೆಕಾಯಿ ಪಲ್ಯ. ಕೈಗೆ ಕೈ ತಾಗಲಿಲ್ಲ.

ಅವನು ಒಂದು ರೊಟ್ಟಿ ತಿಂದ. ಸೊಸೆ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದಳು. ನಾನು ಅವಳ ಕೈಯಿಂದ ತಂಬಿಗೆ ತೆಗೆದುಕೊಂಡು ನೀರು ಎತ್ತರದಿಂದ ಹಾಕಿದೆ. ಅವನು ಬೊಗಸೆ ಹಿಡಿದು ಕುಡಿದ. ತಾಟನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡು, "ಬರ್ತೀನ್ರಿ ಅಮ್ಮಾ" ಎಂದು ಹೋದ. ಎಸೆಯಲು ಜಾಗ ಕೇಳಲಿಲ್ಲ.

ಅವರು ಹೋದ ಮೇಲೆ ಸೊಸೆ ಕೇಳಿದಳು.

"ಅತ್ತೀ, ದವಾಖಾನ್ಯಾಗ ನಾ ಯಾರ್ ಯಾರ್ದೋ ಹೊಲಸು ಬಳೀತೀನಿ. ಅವರು ಯಾವ ಮಂದಿ ಅಂತ ನನಗೇನ್ ಗೊತ್ತರಿ?"

"ದವಾಖಾನಿ ಬ್ಯಾರೆ, ಮನಿ ಬ್ಯಾರೆ."

"ಮುಂಜಾನೆ ನಾ ಅವನ ಹಿಂದ ಕುಂತು ಹೋಗಬೇಕ್ರಿ."

"ಕುಂಡ್ರು. ಬಸ್ಸಿನಾಗ ಕುಂಡ್ರಬ್ಯಾಡ ಅಂತ ನಾ ಅಂದ್ನೇನು?"

ಅವಳು ತಂಬಿಗೆ ತೊಳೆದಳು.

ಮುಂದಿನ ಮಂಗಳವಾರ ಕಂಡಕ್ಟರ್ ಒಬ್ಬನೇ ಬಂದ. "ಅವಂಗ ಹಸಿವಿಲ್ಲಂತ್ರಿ" ಅಂದ. ಉಳಿದ ಮನೆಗಳಿಗೂ ಸುದ್ದಿ ಮುಟ್ಟಿತ್ತು. ಮುಟ್ಟಿಸಿದವಳು ನಾನೇ, ನೀರಿಗೆ ಹೋದಾಗ. ಡ್ರೈವರ್ ಕುಂದಗೋಳದಿಂದ ಬ್ರೆಡ್ಡು, ಬಾಳೆಹಣ್ಣು ತಂದುಕೊಂಡು ಬಸ್ಸಿನಲ್ಲೇ ತಿನ್ನುತ್ತಿದ್ದ. ಗುಡಿಯ ಪಡಸಾಲೆಗೂ ಹೋಗಲಿಲ್ಲ. ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಮಲಗುತ್ತಿದ್ದ. ಹಾಗಿದ್ದರೂ ಒಂದು ದಿನ ಸೊಸೆ ಓಡುತ್ತ ಹೋಗುವಾಗ, ಮುಚ್ಚಿದ ಬಾಗಿಲು ಮತ್ತೆ ತೆರೆದು ಕಾದಿದ್ದನಂತೆ. ಇದನ್ನು ಸೊಸೆ ನನಗೆ ಹೇಳಲಿಲ್ಲ, ಬಸ್ಸಿನಲ್ಲಿದ್ದ ಹಾಲಿನವಳು ಹೇಳಿದಳು.

ದೀಪಾವಳಿ ಕಳೆದು ಒಂದು ವಾರಕ್ಕೆ ವಸ್ತಿ ಐದು ಕಿಲೋಮೀಟರ್ ಆಚೆಯ ಊರಿಗೆ ಹೋಯಿತು. ಯಾರೂ ಮೊದಲು ಹೇಳಲಿಲ್ಲ. ಸಂಜೆ ಬಸ್ಸು ಬಂತು, ಮಂದಿಯನ್ನು ಇಳಿಸಿತು, ಮುಂದೆ ಹೋಯಿತು. ಮರುದಿನ ಬೆಳಿಗ್ಗೆ ಆ ಊರಿನಿಂದ ಬೇರೆ ದಾರಿ ಹಿಡಿದು ನೇರ ದೊಡ್ಡ ರಸ್ತೆಗೆ ಹತ್ತಿತು. ನಮ್ಮೂರಿಗೆ ಬೆಳಿಗ್ಗೆ ಬರುವ ಮೊದಲ ಬಸ್ಸೆಂದರೆ ಎಂಟರದ್ದೇ ಆಯಿತು.

ಸೊಸೆ ನಾಲ್ಕು ದಿನ ಕತ್ತಲೆಯಲ್ಲೇ ಎದ್ದು ಆ ಊರಿಗೆ ಕರಿಮಣ್ಣಿನ ಎರಿ ಹೊಲದ ದಾರಿಯಲ್ಲಿ ನಡೆದಳು. ಐದನೇ ದಿನ ಕಾಲವಲ್ಲದ ಕಾಲದ ಅಡ್ಡಮಳೆ. ಎರಿ ಮಣ್ಣು ಕಾಲಿಗೆ ಹತ್ತಿಕೊಂಡರೆ ಹೆಜ್ಜೆಗೆ ಒಂದು ಸೇರು ತೂಕ. ಅರ್ಧ ದಾರಿಗೆ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು. ಆಮೇಲೆ ಎಂಟರ ಬಸ್ಸಿಗೆ ಹೋಗತೊಡಗಿದಳು, ದಿನಾ ಒಂದೂವರೆ ತಾಸು ತಡ. ಒಂದು ವಾರ ನೋಡಿ ದವಾಖಾನೆಯವರು ಬೇರೆಯವಳನ್ನು ಇಟ್ಟುಕೊಂಡರು. ಅವಳ ಹಸಿರು ಅಂಗಿಯನ್ನು ಒಗೆದು ಇಸ್ತ್ರಿ ಮಾಡಿ ವಾಪಸ್ ಕೊಟ್ಟು ಬಾ ಎಂದರಂತೆ. ಒಗೆದಳು, ಮಡಚಿದಳು, ಕೊಟ್ಟು ಬಂದಳು. ವಸ್ತಿ ಬಸ್ಸು ತಿರುಗಿ ಬಂದರೆ ತಗೊಳ್ಳುತ್ತೇವೆ, ತಿಂಗಳೊಳಗೆ ಹೇಳು ಎಂದು ನರ್ಸಮ್ಮ ಅಂದಿದ್ದಳು. ಅಷ್ಟು ಉಳಿದಿತ್ತು.

ಊರಿನ ಹಿರಿಯರು ಅರ್ಜಿ ಬರೆಸಿದರು. ಕಾಲೇಜಿಗೆ ಹೋಗುವ ಹುಡುಗಿಯರು, ಕಾಯಿಪಲ್ಯದವರು, ಹಾಲಿನವರು ಎಲ್ಲರ ಸಹಿ. ನಾನೂ ಸಹಿ ಹಾಕಿದೆ. ಡಿಪೊಗೆ ಹೋಗುವಾಗ ನಾನೂ ಬರುತ್ತೇನೆ ಅಂದೆ. ಬಸ್ಸಿಲ್ಲದೆ ಕೆಲಸ ಕಳೆದುಕೊಂಡದ್ದು ನಮ್ಮ ಮನೆಯೊಂದೇ, ಮುದುಕಿ ಬಂದರೆ ಸಾಹೇಬರಿಗೆ ಕನಿಕರ ಬಂದೀತು ಎಂದು ಕರೆದುಕೊಂಡು ಹೋದರು.

ಡಿಪೊದ ಸಾಹೇಬ ಅರ್ಜಿಯನ್ನು ಗಟ್ಟಿಯಾಗಿ ಓದಿದ. "ನಮ್ಮ ಗ್ರಾಮಸ್ಥರು ಬಸ್ಸಿನ ಸಿಬ್ಬಂದಿಯನ್ನು ಮನೆಯ ಮಕ್ಕಳಂತೆ ಕಂಡು ಊಟೋಪಚಾರ ಮಾಡುತ್ತ ಬಂದಿರುತ್ತಾರೆ" ಎಂದು ಅದರಲ್ಲಿ ಇತ್ತು. ಓದಿ ತಲೆ ಎತ್ತಿದ.

"ಡ್ರೈವರ್ ಬರದು ಕೊಟ್ಟಾನಲ್ರಿ. ಮಲಗಾಕ ಖೋಲಿ ಇಲ್ಲ, ಕಕ್ಕಸ ಇಲ್ಲ, ನೀರಿಲ್ಲ. ಆ ಊರಾಗ ಪಂಚಾಯ್ತಿ ಖೋಲಿ ಕೊಟ್ಟಾರ."

"ನಾವೂ ಕೊಡ್ತೀವ್ರಿ ಸಾಹೇಬ್ರ" ಎಂದರು ನಮ್ಮವರು.

"ಇಷ್ಟು ವರ್ಷ ಕೊಡಲಿಲ್ಲ, ಈಗ ಕೊಡ್ತೀರೇನು?"

ಊಟದ ಮಾತನ್ನು ಡ್ರೈವರ್ ಬರೆದಿರಲಿಲ್ಲ. ಬರೆದಿದ್ದಾನೆ ಎಂದೇ ನಾನು ತಿಳಿದಿದ್ದೆ. ದಾರಿಯುದ್ದಕ್ಕೂ ಅದಕ್ಕೆ ಉತ್ತರ ಜೋಡಿಸಿಕೊಂಡು ಬಂದಿದ್ದೆ.

"ಸಾಹೇಬ್ರ, ಖೋಲಿ ಮಾತಲ್ಲರಿ ಇದು" ಅಂದೆ. "ಆ ಡ್ರೈವರಗ ನಾನು ಹೊರಗ ಕುಂಡ್ರಿಸಿ ಕಾಗದದ ತಾಟಿನ್ಯಾಗ ಹಾಕಿದ್ನಿ. ಯಾವ ಮಂದಿ ಅಂತ ಕೇಳಿ ಹಾಕಿದ್ನಿ. ಅದಕ್ಕ ಅವ ಊರು ಬಿಟ್ಟ."

ನಮ್ಮ ಹಿರಿಯರಲ್ಲಿ ಒಬ್ಬ ನಕ್ಕಂತೆ ಮಾಡಿ, "ವಯಸ್ಸಾಗೇತ್ರಿ, ಬಾಯಿಗೆ ಬಂದಂಗ ಮಾತಾಡ್ತಾಳ" ಎಂದ. ಸಾಹೇಬ ನನ್ನ ಮುಖ ನೋಡಿದ, ಅರ್ಜಿ ನೋಡಿದ.

"ಅಮ್ಮಾ, ಅದು ಅರ್ಜಿಯೊಳಗ ಇಲ್ಲ. ನಾ ಕೇಳಿಲ್ಲ, ನೀವು ಹೇಳಿಲ್ಲ" ಎಂದು ಶಿಕ್ಕಾ ಹೊಡೆದು ಬಾಜುವಿಗೆ ಇಟ್ಟ. ಅಲ್ಲಿ ಅಂಥ ಅರ್ಜಿಗಳು ಒಂದು ಕಟ್ಟು ಇದ್ದವು.

ಹೊರಗೆ ಬಂದ ಮೇಲೆ ಹಿರಿಯರು ನನ್ನನ್ನು ಬೈದರು.

"ನಿನಗ ಬುದ್ಧಿ ಐತೇನಬೇ? ಊರಿನ ಮರ್ಯಾದಿ ತಗದಿ. ಅದನ್ನ ಅಲ್ಲಿ ಯಾಕ ಹೇಳಬೇಕಿತ್ತು?"

ತಾಟು ಯಾಕೆ ಹಾಗೆ ಕೊಟ್ಟೆ ಎಂದು ಒಬ್ಬನೂ ಕೇಳಲಿಲ್ಲ.

ಡಿಪೊದ ಗೇಟಿನ ಬಾಜುವಿನ ಚಹಾದಂಗಡಿಯಲ್ಲಿ ಆ ಹೊಸ ಡ್ರೈವರ್ ನಿಂತಿದ್ದ. ನಮ್ಮವರು ಮುಂದೆ ಹೋದರು. ನಾನು ನಿಂತೆ.

"ತಮ್ಮಾ, ನಮ್ಮೂರಿಗೆ ವಸ್ತಿ ಬಾ. ಒಳಗ ಕುಂಡ್ರಿಸಿ ನೀಡ್ತೀನಿ."

"ಡ್ಯೂಟಿ ಹಾಕಿದ ಕಡೆ ಹೋಗಾಂವ್ರಿ ನಾ. ರೂಟು ನನ್ನ ಕೈಯಾಗಿಲ್ಲ."

"ಅಲ್ಲಿ ಆ ಊರಾಗ ಊಟಕ್ಕ?"

"ಖೋಲ್ಯಾಗ ಸ್ಟೋವ್ ಐತ್ರಿ. ಅನ್ನ ಮಾಡ್ಕೋತೀನಿ."

ಚಹಾ ಮುಗಿಸಿ ಲೋಟ ಕೆಳಗಿಟ್ಟ. ಆಮೇಲೆ ಅವನೇ ಕೇಳಿದ.

"ನಿಮ್ಮ ಸೊಸಿ ಅಕ್ಕಾರು ಈಗ ಬರವಲ್ರು. ರಜಾದ ಮ್ಯಾಲ ಅದಾರೇನ್ರಿ?"

"ಕೆಲಸದಿಂದ ತಗದ್ರು. ಹೊತ್ತಿಗೆ ಬಸ್ಸಿಲ್ಲ."

"ಹೌದ್ರೀ?" ಅಂದ. ಕಂಡಕ್ಟರ್ ಸೀಟಿ ಹೊಡೆದ. ಹೋಗಿ ಬಸ್ಸು ಹತ್ತಿದ.

ಮನೆಗೆ ಬಂದು ಸೊಸೆಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು, ಮೊರ ನಿಲ್ಲಿಸಲಿಲ್ಲ.

"ಸಾಹೇಬಗ ಹೇಳಿದ್ರಿ. ಅವಂಗೂ ಹೇಳಿದ್ರಿ" ಎಂದಳು.

"ಹೇಳಿದ್ನಿ."

"ಛಲೋ ಆತು ಬಿಡ್ರಿ."

ಅಷ್ಟೇ. ತಿಂಗಳಾಯಿತು. ವಸ್ತಿ ಬಸ್ಸು ಬರಲಿಲ್ಲ. ನಮ್ಮ ಪಂಚಾಯ್ತಿಗೂ ಒಂದು ಖೋಲಿ ಇದೆ, ಅದಕ್ಕೆ ಹಾಕಿದ ಬೀಗ ಹಾಗೆಯೇ ಇದೆ. ಅದರಲ್ಲಿ ಗೊಬ್ಬರದ ಚೀಲಗಳಿವೆ.

ಸೊಸೆ ಈಗ ನನ್ನ ಜೊತೆ ಹತ್ತಿ ಬಿಡಿಸಲು ಬರುತ್ತಾಳೆ. ಮೊದಲ ದಿನ ಹೊಲದಲ್ಲಿ ಹೆಂಗಸರೆಲ್ಲ ಅವಳನ್ನು ಸುತ್ತುಗಟ್ಟಿದರು.

"ಏನವ್ವಾ ನರ್ಸಬಾಯಿ, ಹತ್ತಿಗಿಡಕ್ಕ ಸೂಜಿ ಮಾಡಾಕ ಬಂದೀ ಏನು?" ಎಂದು ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು.

"ದವಾಖಾನಿ ಯಾಕ ಬಿಟ್ಟೀಬೇ? ಛಲೋ ಇತ್ತಲ್ಲ" ಎಂದು ಇನ್ನೊಬ್ಬಳು ಕೇಳಿದಳು.

"ಬಸ್ಸು ಇಲ್ಲ" ಎಂದಳು ಸೊಸೆ. ನನ್ನ ಕಡೆ ನೋಡಲೂ ಇಲ್ಲ.

ನಾನು ಬಾಜು ಸಾಲಿನಲ್ಲಿದ್ದೆ. "ಬಸ್ಸಲ್ಲ. ನಾನ ತಪ್ಪಿಸಿದ್ದು" ಅಂದೆ.

"ಆಯಿ, ನೀ ಯಾವಾಗಿಂದ ಬಸ್ ಹೊಡಿಯಾಕತ್ತಿ?" ಎಂದಳು ಮೊದಲಿನವಳು. ಮತ್ತೆ ಎಲ್ಲರೂ ನಕ್ಕರು. ಒಬ್ಬಳು ಬಾಯಲ್ಲಿ ಹಾರ್ನು ಹೊಡೆದು ತೋರಿಸಿದಳು. ನಾನು ಮತ್ತೊಮ್ಮೆ ಹೇಳಿದ್ದರೂ ಅವರು ನಗುತ್ತಲೇ ಇರುತ್ತಿದ್ದರು. ಹಾಗಾಗಿ ಹೇಳಲಿಲ್ಲ.

ಸೊಸೆ ನಗಲಿಲ್ಲ. ಅವಳಿಗೆ ಹತ್ತಿ ಬಿಡಿಸಿ ರೂಢಿ ತಪ್ಪಿತ್ತು, ಕಾಯಿಯ ಒಣ ತುದಿ ಚುಚ್ಚಿ ಬೆರಳಿನಲ್ಲಿ ರಕ್ತ ಬಂದಿತ್ತು. ಸೆರಗಿಗೆ ಒರೆಸಿಕೊಂಡು ಮುಂದಿನ ಗಿಡಕ್ಕೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಅವಳ ಸಾಲು ಅರ್ಧ ಆಗಿತ್ತು, ನನ್ನದು ಮುಗಿದಿತ್ತು. ನಾನು ಆ ಕಡೆಯ ತುದಿಯಿಂದ ಅವಳ ಸಾಲನ್ನು ಬಿಡಿಸುತ್ತ ಬಂದೆ. ನಡುವೆ ಎರಡು ಗಿಡ ಉಳಿದಾಗ ಅವಳು ಚೀಲ ಎತ್ತಿಕೊಂಡು ಬೇರೆ ಸಾಲಿಗೆ ಹೋದಳು.

ಆ ಎರಡು ಗಿಡವನ್ನೂ ನಾನೇ ಬಿಡಿಸಿದೆ.