ಮರದ ಪುಡಿಯ ರಂಗೋಲಿ

"ಲುಕ್ ಅಮ್ಮಾ, ಅಜ್ಜಿ ಹಾಕೋ ರಂಗೋಲಿ," ಎಂದು ಏಳು ವರ್ಷದ ಮಗಳು ಚಿತ್ರಪುಸ್ತಕವೊಂದನ್ನು ನನ್ನ ತೊಡೆಯ ಮೇಲಿಟ್ಟಳು. ಬೀದಿಯಲ್ಲಿ ಬಣ್ಣದ ಮರದ ಪುಡಿಯಿಂದ ಹೂಬಳ್ಳಿ ಬಿಡಿಸುವ ಮೆಕ್ಸಿಕೋದ ಕಲಾವಿದೆಯೊಬ್ಬಳ ಜೀವನಕಥೆ ಅದು. ರಿಸೆಷನ್‌ನಲ್ಲಿ ನನ್ನ ಕೆಲಸ ಹೋದ ಮೇಲೆ ನಾವು ಕೂತಿದ್ದ, ಷಿಕಾಗೋ ಬಳಿಯ ನಮ್ಮೂರಿನ ಲೈಬ್ರರಿಯೇ ನಮ್ಮ ಪುಸ್ತಕದಂಗಡಿಯಾಗಿತ್ತು.

ನನಗೆ ಹೊಟ್ಟೆ ಉರಿಯಿತು. ಮೈಸೂರಿನಲ್ಲಿ ಅಮ್ಮ ದಿನಾ ಬೆಳಿಗ್ಗೆ ಸೊಂಟ ಬಗ್ಗಿಸಿ ಇಡುವ ಚುಕ್ಕಿಗಳ ಬಗ್ಗೆ ಯಾರು ಪುಸ್ತಕ ಬರೆದರು? "ನಿನ್ನಜ್ಜಿ ಇದಕ್ಕಿಂತ ಚೆನ್ನಾಗಿ ಹಾಕ್ತಾರೆ," ಎಂದೆ.

"ಬಟ್ ಯೂ ವಾಶ್ಡ್ ಇಟ್ ಅವೇ," ಎಂದಳು ಮಗಳು.

ಹಿಂದಿನ ಬೇಸಿಗೆಯಲ್ಲಿ ಅಮ್ಮ ಇಲ್ಲಿಗೆ ಬಂದಾಗ ಬಾಗಿಲ ಮುಂದೆ ಹಾಕಿದ್ದ ರಂಗೋಲಿಯನ್ನು, ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಎಂದು ಪೈಪ್ ಹಿಡಿದು ತೊಳೆದವಳು ನಾನೇ. ಮಾರನೆಯ ದಿನದಿಂದ, ಮೈಸೂರಿಗೆ ಹಿಂದಿರುಗುವವರೆಗೂ, ಅಮ್ಮ ರಂಗೋಲಿ ಡಬ್ಬಿ ತೆರೆಯಲೇ ಇಲ್ಲ.