ಶನಿವಾರದ ಫೋನು

ಮಕ್ಕಳೇ, ನಿಮ್ಮ ತಾತನನ್ನು ಸಾಯಿಸಿದ್ದು ಇಕ್ಬಾಲ್ ಅಲ್ಲ. ಅವರು ಫೋನು ಮಾಡಿ ಕೇಳಿದ್ದರು. ಸುಳ್ಳು ಹೇಳಿದವಳು ನಾನು.

ನಿಮ್ಮಜ್ಜಿ ಏಳನೇ ಕ್ಲಾಸಿನವರೆಗೆ ಓದಿದವಳು. ಈ ನೋಟುಪುಸ್ತಕದ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಮಿಕ್ಕ ತಪ್ಪನ್ನು ಮಾತ್ರ ಹಾಗೇ ಓದಿ.

ಲಕ್ಕವಳ್ಳಿ ಡ್ಯಾಮಿನ ಕೆಲಸದಿಂದ ತಾತ ನಿವೃತ್ತರಾಗಿ ನಾವು ತರೀಕೆರೆಗೆ ಬಂದ ಮೇಲೆ ಅವರಿಗೆ ಸೈಕಲ್ಲಿನ ಹುಚ್ಚು ಹತ್ತಿತು. ಹತ್ತಿಸಿದವರು ಸೈಕಲ್ ಅಂಗಡಿಯ ಇಕ್ಬಾಲ್. ಹತ್ತು ಹನ್ನೆರಡು ಜನ, ಹೆಚ್ಚಿನವರು ಅರವತ್ತು ದಾಟಿದವರು, ಭಾನುವಾರ ಬೆಳಗ್ಗೆ ಹೊರಡುತ್ತಿದ್ದರು. ಒಂದು ವಾರ ಅಜ್ಜಂಪುರ, ಒಂದು ವಾರ ಕಡೂರು ದಾಟಿ ಸಖರಾಯಪಟ್ಟಣ. ಒಮ್ಮೆ ಶ್ರೀಲಂಕಾಕ್ಕೂ ಹೋಗಿ ಹನ್ನೆರಡು ದಿನ ಸಮುದ್ರದ ಪಕ್ಕದಲ್ಲೇ ಸೈಕಲ್ ತುಳಿದು ಬಂದರು. ಅಲ್ಲಿಯ ಎಳನೀರು ಕೇಸರಿ ಬಣ್ಣದ್ದು ಎಂದು ತಾತ ಬೀದಿಗೆಲ್ಲ ಹೇಳಿದರು. "ನೀವ್ ಕುಡ್ದಿದ್ದು ಎಳ್ನೀರೇ ಹೌದಾ ಅಂತ ಒಂದ್ಸಲ ವಿಚಾರಿಸ್ಕೊಳ್ಳಿ" ಎಂದು ಎದುರುಮನೆಯವರು ಛೇಡಿಸಿದ್ದರು.

ಇಕ್ಬಾಲ್ ಒಂದು ಕ್ರಮ ಇಟ್ಟುಕೊಂಡಿದ್ದರು. ಶನಿವಾರ ಸಂಜೆ ಪ್ರತಿ ಮನೆಗೂ ಫೋನು ಮಾಡಿ ಹೆಂಗಸರನ್ನೇ ವಿಚಾರಿಸುತ್ತಿದ್ದರು. ಸುಸ್ತಿದೆಯೇ, ನೋವಿದೆಯೇ, ನಿದ್ದೆ ಬಂತೇ. ಗಂಡಸರು ಹೋಗುವ ಆಸೆಗೆ ಮುಚ್ಚಿಡುತ್ತಾರೆ, ಹೆಂಗಸರು ಮುಚ್ಚಿಡುವುದಿಲ್ಲ ಎಂಬುದು ಅವರ ನಂಬಿಕೆ. ಆ ನಂಬಿಕೆಯನ್ನೇ ನಾನು —

ಕೆಮ್ಮಣ್ಣುಗುಂಡಿ ಹತ್ತುವ ಭಾನುವಾರಕ್ಕೆ ಎರಡು ದಿನ ಮುಂಚೆ ತಾತ ಮಹಡಿಯ ಮೆಟ್ಟಿಲಲ್ಲಿ ಕೂತುಬಿಟ್ಟರು. ಎದೆ ಹಿಡಿದಂತಾಗುತ್ತದೆ, ಎಡತೋಳು ಜಗ್ಗುತ್ತದೆ ಎಂದರು. ನಾನು ಗ್ಯಾಸೆಂದು ಓಮದ ಕಷಾಯ ಕೊಟ್ಟೆ. ಗ್ಯಾಸಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಅಪ್ಪ ಹೋಗಿದ್ದೂ ಹೀಗೇ.

ಶನಿವಾರ ಫೋನು ಬಂದಾಗ ತಾತ ಹಿತ್ತಲಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದರು.

"ನಾಳೆ ಘಾಟಿ ಐತೆ ಅಕ್ಕಾ. ಯಜಮಾನ್ರು ಹೆಂಗವ್ರೆ? ನೀವು ಹ್ಞೂಂ ಅಂದ್ರೆ ಮಾತ್ರ ಕರ್ಕೊಂಡ್ ಹೋಗ್ತೀನಿ" ಎಂದರು ಇಕ್ಬಾಲ್.

"ಏನೂ ಇಲ್ಲ ಕಣಣ್ಣ. ಚೆನ್ನಾಗವ್ರೆ. ಕರ್ಕೊಂಡ್ ಹೋಗಿ."

ಯಾಕೆ ಹಾಗಂದೆ? ತಾತನಿಗೆ ಬೇಜಾರಾದೀತು ಎಂದಲ್ಲ. ನನ್ನ ಭಾನುವಾರಕ್ಕಾಗಿ. ನಿವೃತ್ತಿಯಾದ ಮೇಲೆ ಅವರು ಇಡೀ ದಿನ ಮನೆಯಲ್ಲೇ — ಪಾತ್ರೆಯ ಮುಚ್ಚಳ ತೆಗೆದು ನೋಡುವುದು, ಇದ್ಯಾಕೆ, ಅದ್ಯಾಕೆ ಎನ್ನುವುದು. ಕೆಟ್ಟವರಲ್ಲ. ಆದರೆ ಒಬ್ಬಳೇ ಕೂರುವುದು ಎಂದರೇನೆಂದು ನನಗೆ ಗೊತ್ತಾಗಿದ್ದೇ ಅವರು ಸೈಕಲ್ ಹತ್ತಿದ ಮೇಲೆ. ಶ್ರೀಲಂಕಾದ ಆ ಹನ್ನೆರಡು ದಿನ ನಾನು ಮೊಸರವಲಕ್ಕಿ ತಿಂದು, ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ. ಮುಂದೆ ನೇಪಾಳಕ್ಕೆಂದು ಮಾತಾಗಿತ್ತು. ಎದೆನೋವೆಂದು ಬಾಯಿ ಬಿಟ್ಟರೆ ಅದೂ ಇಲ್ಲ, ಭಾನುವಾರಗಳೂ ಇಲ್ಲ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಅಷ್ಟೇ. ತಾತನ ಜೀವ ಇರಲಿಲ್ಲ.

ಲಿಂಗದಹಳ್ಳಿ ದಾಟಿ ಘಾಟಿ ಹತ್ತುವಾಗ ಒಂದು ತಿರುವಿನಲ್ಲಿ ತಾತ ಸೈಕಲ್ ಇಳಿದು ಕಲ್ಲಿನ ಮೇಲೆ ಕೂತರಂತೆ. ಮತ್ತೆ ಏಳಲಿಲ್ಲ. ಇಕ್ಬಾಲ್ ಯಾರದೋ ಜೀಪಿನಲ್ಲಿ, ತೊಡೆಯ ಮೇಲೆ ತಾತನ ತಲೆಯಿಟ್ಟುಕೊಂಡು, ಮನೆಗೆ ತಂದರು.

ಮಣ್ಣು ಮಾಡಿದ ಮೂರನೇ ದಿನ ಇಕ್ಬಾಲ್ ಮನೆಗೆ ಬಂದರು. ಆಗ ಶಿವಮೊಗ್ಗದಲ್ಲಿದ್ದ ನಿಮ್ಮ ಅಪ್ಪನಿಗೆ ಶನಿವಾರದ ಫೋನಿನ ವಿಷಯ ಗೊತ್ತಿರಲಿಲ್ಲ. ಎಲ್ಲರ ಎದುರು ಕೇಳಿದ: "ನಿಮ್ ಶೋಕಿಗೆ ನಮ್ಮಪ್ಪನ್ನ ಬಲಿ ಕೊಟ್ರಲ್ರೀ. ಮನೇಲ್ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಇಕ್ಬಾಲ್ ತಲೆಯೆತ್ತಿ ನನ್ನನ್ನು ನೋಡಿದರು. ಕಾದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆಂದು ಎಲ್ಲರೂ ತಿಳಿದರು.

"ಕೇಳ್ಬೇಕಿತ್ತು ಕಣಪ್ಪ" ಎಂದರು ಅವರು. "ಕೇಳ್ಲಿಲ್ಲ. ತಪ್ಪಾಯ್ತು."

ಆ ಒಂದು ಮಾತಿನಿಂದ ಅವರ ಹೆಸರು ಹೋಯಿತು. ನಮಗೆಲ್ಲ ಫೋನು ಮಾಡಿದವರು ಆ ಮನೆಯನ್ನೇ ಮರೆತರಂತೆ ಎಂದು ಉಳಿದ ಹೆಂಗಸರು ಆಡಿಕೊಂಡರು. ಯಾರೂ ಗಂಡಂದಿರನ್ನು ಕಳಿಸಲಿಲ್ಲ. ಗುಂಪು ಒಡೆಯಿತು. ಅಂಗಡಿಯ ಗೋಡೆಯಲ್ಲಿದ್ದ ಶ್ರೀಲಂಕಾದ ಫೋಟೋವನ್ನು ಇಕ್ಬಾಲ್ ಇಳಿಸಿದರು. ಅವರು ಸೈಕಲ್ ತುಳಿದದ್ದನ್ನು ಆಮೇಲೆ ಯಾರೂ ನೋಡಲಿಲ್ಲ. ಬೀದಿಯಲ್ಲಿ ಎದುರಾದರೆ "ಆರಾಮಾ ಅಕ್ಕಾ" ಎನ್ನುತ್ತಿದ್ದರು, ಅಷ್ಟೇ. ಆ ಮಾತಿನಲ್ಲಿ ಒಂದು ಚೂರು ಸಿಟ್ಟಾದರೂ ಇದ್ದಿದ್ದರೆ — ಇರಲಿಲ್ಲ. ಆರು ವರ್ಷದಲ್ಲಿ ಹೇಳಲು ನನಗೆ ದಿನಗಳಿಗೆ ಬರವಿರಲಿಲ್ಲ. ಇವತ್ತು ಬೇಡ, ಹಬ್ಬ ಕಳೆಯಲಿ, ಮಗನ ಸಿಟ್ಟು ಇಳಿಯಲಿ — ಹೀಗೇ.

ಹೋದ ತಿಂಗಳು ಇಕ್ಬಾಲ್ ತೀರಿಕೊಂಡರು. ನಿಮ್ಮ ಅಪ್ಪ ನೋಡಲು ಹೋಗಲಿಲ್ಲ. ಚಿನ್ಮಯ್, ಊಟಕ್ಕೆ ಕೂತಾಗ ನೀನು ಅಂದೆ: "ಹೋಗ್ಲಿ ಬಿಡಜ್ಜಿ, ತಾತನ್ನ ಸಾಯ್ಸಿದೋನಲ್ವಾ." ಹದಿಮೂರು ವರ್ಷದ ನಿನ್ನ ಬಾಯಿಗೆ ಆ ಮಾತನ್ನು ಇಟ್ಟವಳು ನಾನು. ಆಗಲೂ ಸುಮ್ಮನೆ ನಿನಗೆ ಅನ್ನ ಬಡಿಸಿದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕ್ಷಮಿಸಬೇಕಾದವರು ಮಣ್ಣಾಗಿದ್ದಾರೆ, ಇಬ್ಬರೂ.

ಅವರ ಹೆಂಡತಿ ಶಾಹಿದಾ ಎರಡು ಬೀದಿ ಆಚೆ ಇದ್ದಾರೆ. ಅವರಿಗಾದರೂ ಇಕ್ಬಾಲ್ ನಿಜ ಹೇಳಿದ್ದರೋ ಇಲ್ಲವೋ. ಹೇಳಿರದಿದ್ದರೆ — ಆಕೆಯೂ ಇಷ್ಟು ವರ್ಷ ಗಂಡನದೇ ತಪ್ಪೆಂದು ತಲೆ ತಗ್ಗಿಸಿ ಓಡಾಡಿದ್ದರೆ, ಹಾಗೆ ತಿಳಿದೇ ಅವರನ್ನು ಮಣ್ಣಿಗೆ ಕಳಿಸಿಕೊಟ್ಟಿದ್ದರೆ —

ನಿಮಗೆ ಕೊಡುವ ಮೊದಲು ಈ ಪುಸ್ತಕ ಹಿಡಿದು ಆಕೆಯ ಮನೆಗೆ ಹೋಗುತ್ತೇನೆ. ಆಕೆಗೆ ಕನ್ನಡ ಓದಲು ಬಾರದು. ನಾನೇ ಎದುರು ಕೂತು ಓದಿ ಹೇಳಬೇಕು.