ಮೇಲೆ ಹಾರಿದ ಅಂಕಿ

ಹೋದ ಗುರುವಾರ ಸಂಜೆ ನನ್ನ ಮೊಮ್ಮಗಳು ಅಶ್ವಿನಿ ಶಾಲೆಯಿಂದ ಬಂದು ಒಂದು ಮಾತು ಹೇಳಿದಳು. ಅವತ್ತಿನಿಂದ ನನಗೆ ಸಂತೋಷ ತಡೆಯಲಾಗುತ್ತಿಲ್ಲ. ಹಾಲಿನವಳಿಗೆ ಹೇಳಿದೆ, ಬಟ್ಟೆ ಒಣಗಿಸಲು ಬಂದ ಪಕ್ಕದ ಮನೆಯವರನ್ನೂ ಕರೆದು ಕೂರಿಸಿ ಹೇಳಿದೆ. ಆದರೆ ಆ ಮಾತು ನನಗೇಕೆ ಅಷ್ಟು ದೊಡ್ಡದು ಎಂದು ತಿಳಿಯಬೇಕಾದರೆ 1979ರಲ್ಲಿ ಹೊಸನಗರದಲ್ಲಿ ನಡೆದದ್ದನ್ನು ಮೊದಲು ಹೇಳಬೇಕು.

ನಾನು ಓದಿದ್ದು ಐದನೇ ಕ್ಲಾಸು. ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಗ ಪಕ್ಕದಲ್ಲೇ ಒಂದು ಟೈಪಿಂಗ್ ಶಾಲೆ ಇತ್ತು. ಬೆಳಿಗ್ಗೆ ಅಲ್ಲಿ ಕಸ ಗುಡಿಸಿ, ಮೆಷಿನ್ನುಗಳ ಧೂಳು ಒರೆಸಿದರೆ ಅಲ್ಲಿನ ಗುರುಗಳು ಒಂದು ಗಂಟೆ ಕನ್ನಡ ಟೈಪಿಂಗ್ ಕಲಿಯಲು ಬಿಡುತ್ತಿದ್ದರು. ಅವರದು ಒಂದೇ ಪಾಠ. ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು. ಶಿಫ್ಟ್ ಕೀಲಿಯನ್ನು ಅರ್ಧ ಒತ್ತಿದರೆ ಅಕ್ಷರ ಸಾಲು ಬಿಟ್ಟು ಮೇಲಕ್ಕೆ ಹಾರುತ್ತದೆ. ಅವರು ಸ್ಕೇಲ್ ಇಟ್ಟು ನೋಡಿ, ಹಾರಿದ ಒಂದೊಂದು ಅಕ್ಷರಕ್ಕೂ ಅದೇ ಸ್ಕೇಲಿನಿಂದ ಬೆರಳಿನ ಮೇಲೆ ಒಂದು ಕೊಡುತ್ತಿದ್ದರು. ಆರು ತಿಂಗಳಲ್ಲಿ ನನ್ನ ಸಾಲು ಗೆರೆ ಎಳೆದ ಹಾಗೆ ಬರತೊಡಗಿತು.

ಮದುವೆಯಾಗಿ ಹೊಸನಗರಕ್ಕೆ ಬಂದೆ. ಅಲ್ಲಿನ ಒಂದು ಹೈಸ್ಕೂಲಿಗೆ ಆಗಷ್ಟೇ ಕನ್ನಡ ಟೈಪ್‌ರೈಟರ್ ಬಂದಿತ್ತು. ಮುಟ್ಟುವವರಿಲ್ಲ. ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡರು. ವರ್ಷದ ಕೊನೆಯಲ್ಲಿ ಶಾಲೆಯ ಕಮಿಟಿ ಸೇರಿದಾಗ ಖಾಯಂ ಮಾಡುವುದೋ ಬಿಡುವುದೋ ನೋಡೋಣ ಎಂದರು. ಖಾಯಂ ಆಗಬೇಕು ಎನ್ನುವುದೊಂದೇ ನನ್ನ ಆಸೆ. ಐದನೇ ಕ್ಲಾಸಿನವಳಿಗೆ ಕುರ್ಚಿ, ಮೇಜು, ಹಾಜರಿ ಪುಸ್ತಕದಲ್ಲಿ ಹೆಸರು! ರಾತ್ರಿ ಹಗಲು ಅದೇ ಕನಸು.

ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆ ಬಂತು. ಲೆಕ್ಕದ ಮೇಷ್ಟ್ರು ಪ್ರಶ್ನೆಪತ್ರಿಕೆಯನ್ನು ಕೈಯಲ್ಲಿ ಬರೆದು ಕೊಟ್ಟರು. ಅದನ್ನು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಮೆಷಿನ್ನಿನಲ್ಲಿ ಪ್ರತಿ ತೆಗೆಯಬೇಕು. ಸ್ಟೆನ್ಸಿಲ್ ಹೊಡೆಯುವಾಗ ರಿಬ್ಬನ್ ಇರುವುದಿಲ್ಲ, ಏನು ಬಿತ್ತೆಂದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಒಂದು ಪದ್ಧತಿ ಇತ್ತು. ಮೊದಲ ಪ್ರತಿಯನ್ನು ಪತ್ರಿಕೆ ತೆಗೆದ ಮೇಷ್ಟ್ರೇ ಓದಿ ರುಜು ಹಾಕಬೇಕು. ಆಮೇಲೆ ಉಳಿದವು.

ಮೇಷ್ಟ್ರ ಬರಹದಲ್ಲಿ ಅಲ್ಲಲ್ಲಿ ಅಂಕಿಗಳು ಸಣ್ಣಗಾಗಿ ಮೇಲಕ್ಕೆ ಹಾರಿದ್ದವು. 2³ × 2⁴ ಅಂತ. ಪಾಪ, ಅವಸರದಲ್ಲಿ ಬರೆದಿದ್ದಾರೆ, ಕೈ ಜಾರಿದೆ ಎಂದುಕೊಂಡೆ. ನಮ್ಮ ಗುರುಗಳಾಗಿದ್ದರೆ ಇವರಿಗೂ ಸ್ಕೇಲಿನ ಏಟು ಬೀಳುತ್ತಿತ್ತಲ್ಲ ಎಂದು ಒಳಗೊಳಗೇ ನಕ್ಕೆ. ಹಾರಿದ ಒಂದೊಂದು ಅಂಕಿಯನ್ನೂ ಕೆಳಗಿಳಿಸಿ, ಸಾಲಿನಲ್ಲಿ ಚಂದ ಮಾಡಿ ಕೂರಿಸಿದೆ.

ಮೊದಲ ಪ್ರತಿ ಹಿಡಿದು ಹೋದಾಗ ಮೇಷ್ಟ್ರು ಮಂಡಗದ್ದೆ ಕಡೆಯ ಬಸ್ಸಿಗೆ ಹೊರಟು ನಿಂತಿದ್ದರು. ಜಗಲಿಯ ಕಂಬಕ್ಕೆ ಹಾಳೆ ಒತ್ತಿ ಹಿಡಿದು, ಓದದೆ ರುಜು ಹಾಕಿದರು.

“ಒಂದ್ಸಲ ನೋಡಿ ಸಾರ್” ಎಂದೆ.

“ನೀನು ಹೊಡೆದ್ಮೇಲೆ ಎಂತ ನೋಡೋದು ಮಾರಾಯ್ತಿ? ಸರಿ ಇರ್ತದೆ ಬಿಡು.”

ಆ ಮಾತಿಗೆ ನಾನು ಎಷ್ಟು ಹಿಗ್ಗಿದೆ ಎಂದರೆ, ಮನೆಗೆ ಹೋಗಿ ಯಜಮಾನರಿಗೆ ಎರಡು ಸಲ ಹೇಳಿದೆ.

ಪರೀಕ್ಷೆಯ ದಿನ ಅರ್ಧ ಗಂಟೆ ಕಳೆದಿರಬೇಕು. ಮೇಷ್ಟ್ರು ಪತ್ರಿಕೆ ಹಿಡಿದು ಆಫೀಸಿಗೆ ನುಗ್ಗಿದರು.

“ಇದೆಂತ ಸರೋಜಾ? ಎರಡರ ಘಾತ ಮೂರು ಎಲ್ಲಿ ಹೋಯ್ತು? ಇಪ್ಪತ್ತಮೂರು ಇಂಟು ಇಪ್ಪತ್ತನಾಲ್ಕು ಅಂತ ಕುಟ್ಟಿ ಇಟ್ಟಿದೀಯ! ಮಕ್ಕಳು ಕೂತ್ಕಂಡು ಗುಣಿಸ್ತಾ ಇದಾವೆ!”

“ನಿಮ್ಮ ಅಂಕಿ ಮೇಲಕ್ಕೆ ಹಾರಿತ್ತು ಸಾರ್. ನಾನು ಸರಿ ಮಾಡ್ದೆ.”

ಆಫೀಸಿನಲ್ಲಿದ್ದ ಇನ್ನಿಬ್ಬರು ಮೇಷ್ಟ್ರುಗಳು ಗೊಳ್ಳೆಂದು ನಕ್ಕರು. “ಲೆಕ್ಕದ ಮೇಷ್ಟ್ರನ್ನೇ ಸರಿ ಮಾಡಿದ್ಲಂತೆ ನೋಡ್ರೀ!” ಎಂದರು ಒಬ್ಬರು. ಮೇಲೆ ಬರೆದ ಸಣ್ಣ ಅಂಕಿಗೆ ಬೇರೆಯೇ ಲೆಕ್ಕ ಉಂಟು ಎಂದು ನನಗೆ ಗೊತ್ತಾದದ್ದು ಆ ಕ್ಷಣ, ಆ ನಗುವಿನ ನಡುವೆ.

ಪರೀಕ್ಷೆ ರದ್ದಾಯಿತು. ಹೆಡ್ಮಾಸ್ಟ್ರು ನನ್ನನ್ನು ಕರೆಸಿದರು. ಮೇಷ್ಟ್ರು ರುಜು ಹಾಕಿದ ಪ್ರತಿಯನ್ನು ನಾನು ಜೋಪಾನವಾಗಿ ಇಟ್ಟಿದ್ದೆ. ತಂದು ಅವರ ಮುಂದಿಟ್ಟೆ. “ತಪ್ಪು ನಂದೇ ಸಾರ್. ಆದ್ರೆ ಮೇಷ್ಟ್ರೂ ರುಜು ಹಾಕಿದಾರೆ.”

ಅವರು ರುಜುವನ್ನು ನೋಡಿದರು. ಹಾಳೆಯನ್ನು ಎರಡು ಮಡಿಕೆ ಮಾಡಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

“ನೋಡಮ್ಮಾ, ಅವ್ರು ನಾಳೆನೂ ಆ ಕ್ಲಾಸಿನಲ್ಲಿ ಪಾಠ ಮಾಡ್ಬೇಕು. ಮಕ್ಕಳ ಎದ್ರು ಅವ್ರ ಮರ್ಯಾದೆ ಹೋಗ್ಬಾರ್ದು ಅಲ್ದಾ? ನೀನು ಹೋಗಿ ಎಲ್ಲಾ ನನ್ನ ತಪ್ಪು ಅಂತ ಒಂದು ಮಾತು ಹೇಳಿ ಬಾ. ಕಮಿಟಿ ಹತ್ರ ನಾನು ಮಾತಾಡ್ತೀನಿ.”

ಖಾಯಂ ಆಗುವ ಆಸೆ. ಹೋಗಿ ನಿಂತೆ. ಅರವತ್ತು ಮಕ್ಕಳು. ಲೆಕ್ಕದ ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. “ಮೇಷ್ಟ್ರು ಸರಿಯಾಗಿ ಬರ್ದು ಕೊಟ್ಟಿದ್ರು, ನಾನು ಓದಿಲ್ಲದವಳು, ತಪ್ಪು ಮಾಡ್ದೆ” ಎಂದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಅಕ್ಕಾ, ನಂಗೆ ಐನೂರ ಐವತ್ತೆರಡು ಬಂದಿತ್ತು, ಮೂರು ಸಲ ಮಾಡಿ ನೋಡಿದ್ದೆ” ಎಂದಳು. ಕ್ಲಾಸೇ ನಕ್ಕಿತು. ಅವಳ ಮುಖ ಮಾತ್ರ ಅಳುವ ಹಾಗಿತ್ತು. ನನ್ನದೂ ಹಾಗೇ ಇದ್ದಿರಬೇಕು.

ಮರುಪರೀಕ್ಷೆಗೆ ಹೊಸ ಪತ್ರಿಕೆ. ಯಾರನ್ನೂ ಕೇಳಲಿಲ್ಲ. ನಾನೇ ಮೆಷಿನ್ನಿನ ಜೊತೆ ಗುದ್ದಾಡಿ ಕಂಡುಕೊಂಡೆ. ಪಕ್ಕದ ಸಣ್ಣ ಲಿವರನ್ನು ಎಳೆದರೆ ರೋಲರ್ ಸಡಿಲವಾಗುತ್ತದೆ. ಕೈಯಿಂದ ಒಂದಿಷ್ಟೇ ತಿರುಗಿಸಬೇಕು. ಅಂಕಿ ಹೊಡೆಯಬೇಕು. ಮತ್ತೆ ಹಿಂದಕ್ಕೆ ತಿರುಗಿಸಿ ಲಿವರ್ ಬಿಟ್ಟರೆ ಹಳೆಯ ಸಾಲು ಸಿಗುತ್ತದೆ. ಎರಡು ಸ್ಟೆನ್ಸಿಲ್ ಹರಿದವು, ಮೂರನೆಯದು ಬಂತು. ಒಂದೊಂದು ಅಂಕಿಯೂ ಸಮನಾಗಿ ಮೇಲೆ ನಿಂತಿತ್ತು. ಈ ಸಲ ಮೇಷ್ಟ್ರು ಎರಡೆರಡು ಬಾರಿ ಓದಿದರು. ರುಜು ಹಾಕಿದರು.

ಕಮಿಟಿ ಸೇರಿತು. ಮಾತಾಡ್ತೀನಿ ಎಂದವರು ಮಾತಾಡಿದರೋ ಇಲ್ಲವೋ ಗೊತ್ತಿಲ್ಲ. “ಘಾತ ಅಂದ್ರೆ ಎಂತ ಅಂತ ಗೊತ್ತಿಲ್ದವಳನ್ನ ಇಟ್ಕಂಡು ಎಂತ ಮಾಡೋದು?” ಎಂದು ಒಬ್ಬರು ಕೇಳಿದರಂತೆ. ಎಸ್ಸೆಸ್ಸೆಲ್ಸಿ ಪಾಸಾದ ಇನ್ನೊಬ್ಬಳು ಬಂದಳು. ಹೋಗುವ ಮೊದಲು ಒಂದು ವಾರ ಅವಳಿಗೆ ಮೆಷಿನ್ ಕಲಿಸಿಕೊಟ್ಟು ಹೋಗು ಎಂದರು. ಕಲಿಸಿದೆ. ಅಂಕಿಯನ್ನು ಮೇಲೆ ಹೊಡೆಯುವುದನ್ನೂ ನಾನೇ ಕಲಿಸಿದೆ.

ಆಮೇಲೆ ಸಾಗರಕ್ಕೆ ಬಂದೆವು. ಹಳೆಯದೊಂದು ಮೆಷಿನ್ ಕೊಂಡು ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗ್ ಮಾಡಿಕೊಡುತ್ತಿದ್ದೆ. ಎಂಬತ್ತರ ದಶಕದಲ್ಲಿ ಎಷ್ಟೋ ಮೇಷ್ಟ್ರುಗಳು ನನ್ನ ಹತ್ತಿರವೇ ಬಂದರು. ಮೇಲೆ ಕೆಳಗೆ ಬರುವ ಅಂಕಿಯನ್ನು ಸರೋಜಮ್ಮನೇ ಹೊಡೆಯಬೇಕು ಎನ್ನುತ್ತಿದ್ದರು. ಪ್ರತಿ ಸಲ ಆ ಲಿವರ್ ಎಳೆಯುವಾಗಲೂ ನನಗೆ ಆ ಕ್ಲಾಸಿನ ನಗು ಕೇಳುತ್ತಿತ್ತು.

ಈಗ ಅಶ್ವಿನಿಯ ಮಾತಿಗೆ ಬರುತ್ತೇನೆ. ಇಲ್ಲೇ ಸಾಗರದಲ್ಲಿ ಒಂದು ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರ್. ಪ್ರಶ್ನೆಪತ್ರಿಕೆಯನ್ನು ಮನೆಯ ಕಂಪ್ಯೂಟರಿನಲ್ಲೇ ಮಾಡುತ್ತಾಳೆ. H₂O ತರಹದ ಸೂತ್ರ ಬರೆಯುವಾಗ ಅಂಕಿಯನ್ನು ಗುರುತು ಮಾಡಿ ಒಂದು ಗುಂಡಿ ಒತ್ತಿದರೆ ಸಾಕು, ಅದು ತಾನೇ ಸಣ್ಣದಾಗಿ ಕೆಳಗಿಳಿದು ಕೂರುತ್ತದೆ. ಇನ್ನೊಂದು ಒತ್ತಿದರೆ ಮೇಲೆ ಹೋಗುತ್ತದೆ. ನಾನು ಮಗುವಿನ ಹಾಗೆ ಮತ್ತೆ ಮತ್ತೆ ಮಾಡಿಸಿ ನೋಡಿದ್ದೇನೆ.

ಗುರುವಾರ ಬಂದವಳು ಚೀಲ ಇಳಿಸುತ್ತಾ, “ಅಜ್ಜಿ, ಇವತ್ತು ಪೇಪರಲ್ಲಿ ಒಂದು ಸೂತ್ರದಲ್ಲಿ ಕೆಳಗೆ ಬರ್ಬೇಕಾದ ಎರಡು ಮೇಲೇ ಉಳ್ಕಂಡಿತ್ತು. ಮಕ್ಕಳಿಗೆ ಪೂರಾ ಗಲಿಬಿಲಿ. ನಂದೇ ತಪ್ಪು, ಆ ಪ್ರಶ್ನೆ ಬಿಡ್ರೋ, ಮಾರ್ಕ್ಸ್ ಕೊಡ್ತೀನಿ ಅಂದೆ” ಎಂದಳು.

ನನಗೆ ಕೈಯಲ್ಲಿದ್ದ ಲೋಟ ಇಡಲೂ ಆಗಲಿಲ್ಲ. “ಅಲ್ವೇ, ಕಂಪ್ಯೂಟರಿನ ತಪ್ಪು ಅಂದಿದ್ರೆ ಆಗ್ತಿತ್ತಲ್ಲೇ?”

“ಅದೆಂತಕೆ ಅಜ್ಜಿ? ನೋಡಿ ಸೈನ್ ಹಾಕಿದ್ದು ನಾನಲ್ದಾ?”

ಅವಳಿಗೆ ಈ ಕಥೆ ಯಾವುದೂ ಗೊತ್ತಿಲ್ಲ. ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅವಳ ತಲೆ ಹಿಡಿದು ಹಣೆಗೆ ಮುತ್ತಿಟ್ಟೆ. “ಎಂತಾಯ್ತು ಅಜ್ಜಿ ನಿಮಗೆ?” ಎಂದು ನಕ್ಕಳು.

ಅಷ್ಟು ಸಂತೋಷವಾದರೂ ರಾತ್ರಿ ಮಲಗಿದಾಗ ನೆನಪಾದದ್ದು ಆ ಡ್ರಾಯರ್. ಹೆಡ್ಮಾಸ್ಟ್ರೂ ಮೇಷ್ಟ್ರೂ ಈಗ ಇಲ್ಲ. ಮೇಷ್ಟ್ರ ರುಜು ಇದ್ದ, ಎರಡು ಮಡಿಕೆಯ ಆ ಹಾಳೆ ಗೆದ್ದಲು ತಿಂದು ಎಷ್ಟೋ ಕಾಲವಾಗಿರಬೇಕು. ಇದ್ದಿದ್ದರೆ ನನ್ನ ಮೊಮ್ಮಗಳಿಗೆ ಒಂದು ಸಲ ತೋರಿಸಬೇಕಿತ್ತು.